ಲಿಪುಲೇಖ್ ತಕರಾರಿನ ಬೇರು ಸುಗೌಲಿಯಲ್ಲಿದೆ

2025ರ ಆಗಸ್ಟ್‌ನಲ್ಲಿ ಚೀನಾದ ವಿದೇಶಾಂಗ ಸಚಿವ ವಾಂಗ್ ಯಿ ದೆಹಲಿಗೆ ಬಂದಿದ್ದಾಗ, ಲಿಪುಲೇಖ್, ಶಿಪ್ಕಿ ಲಾ ಮತ್ತು ನಾಥು ಲಾ ಘಾಟಿಗಳ ಮೂಲಕ ಗಡಿ ವ್ಯಾಪಾರವನ್ನು ಮತ್ತೆ ಆರಂಭಿಸಲು ಎರಡೂ ದೇಶಗಳು ಒಪ್ಪಿಕೊಂಡವು. ಸುದ್ದಿ ಹೊರಬಿದ್ದ ಬೆನ್ನಲ್ಲೇ ನೇಪಾಳ ಆಕ್ಷೇಪ ಎತ್ತಿತು. ಲಿಪುಲೇಖ್ ತನ್ನ ನೆಲ, ಅಲ್ಲಿ ರಸ್ತೆಯನ್ನಾಗಲಿ ವ್ಯಾಪಾರವನ್ನಾಗಲಿ ತನ್ನನ್ನು ಕೇಳದೆ ನಡೆಸುವಂತಿಲ್ಲ ಎಂಬುದು ಅದರ ನಿಲುವು. ಈ ಘಾಟಿಯ ಮೂಲಕ 1954ರಿಂದಲೇ ವ್ಯಾಪಾರ ನಡೆದುಬಂದಿದೆ, ನೇಪಾಳದ ವಾದಕ್ಕೆ ಇತಿಹಾಸದ ಆಧಾರವಿಲ್ಲ ಎಂದು ಭಾರತದ ವಿದೇಶಾಂಗ ಸಚಿವಾಲಯ ಉತ್ತರಿಸಿತು. ಅದೇ ವರ್ಷದ ನವೆಂಬರ್ ಕೊನೆಯಲ್ಲಿ ನೇಪಾಳದ ಕೇಂದ್ರ ಬ್ಯಾಂಕ್ ಹೊರತಂದ ಹೊಸ 100 ರೂಪಾಯಿ ನೋಟಿನ ಮೇಲೆ ಲಿಂಪಿಯಾಧುರಾ, ಲಿಪುಲೇಖ್, ಕಾಲಾಪಾನಿಗಳನ್ನು ಒಳಗೊಂಡ ಭೂಪಟ ಅಚ್ಚಾಗಿತ್ತು. ನೋಟನ್ನು ಮುದ್ರಿಸಿದ್ದು ಚೀನಾದ ಸಂಸ್ಥೆ ಎಂಬ ವಿವರ ಸುದ್ದಿಗೆ ಇನ್ನಷ್ಟು ಖಾರ ಸೇರಿಸಿತು.

ಇದನ್ನು ಓದಿದ ಕನ್ನಡಿಗರಿಗೆ ಗೊಂದಲವಾಗುವುದು ಸಹಜ. ಕೈಲಾಸ ಮಾನಸ ಸರೋವರ ಯಾತ್ರೆಗೆ ಹೋಗಿಬಂದವರ ಲೆಕ್ಕದಲ್ಲಿ ಲಿಪುಲೇಖ್ ಎಂದರೆ ಉತ್ತರಾಖಂಡದ ಪಿಥೋರಾಗಢ ಜಿಲ್ಲೆಯ ತುದಿ, ಅದರಾಚೆ ಟಿಬೆಟ್. ಭಾರತ ಸರ್ಕಾರವೇ 1981ರಿಂದ ಈ ದಾರಿಯಲ್ಲಿ ಯಾತ್ರೆ ನಡೆಸುತ್ತ ಬಂದಿದೆ. ಕರ್ನಾಟಕ ಸರ್ಕಾರ ರಾಜ್ಯದ ಯಾತ್ರಿಕರಿಗೆ ಸಹಾಯಧನವನ್ನೂ ಕೊಡುತ್ತದೆ. ಹೀಗಿರುವಾಗ ಆ ನೆಲ ಇದ್ದಕ್ಕಿದ್ದಂತೆ ಬೇರೆ ದೇಶದ್ದಾಗುವುದು ಹೇಗೆ? ನೇಪಾಳದ ಆಗಿನ ಪ್ರಧಾನಿ ಕೆ.ಪಿ. ಶರ್ಮಾ ಓಲಿ ಅವರ ರಾಜಕೀಯ ತಂತ್ರವೆಂದೂ ಚೀನಾದ ಕುಮ್ಮಕ್ಕೆಂದೂ ನಮ್ಮಲ್ಲಿ ಉತ್ತರ ಹೇಳುವವರಿದ್ದಾರೆ. ಆದರೆ 2020ರ ಜೂನ್‌ನಲ್ಲಿ ನೇಪಾಳದ ಸಂಸತ್ತು ಹೊಸ ಭೂಪಟಕ್ಕಾಗಿ ಸಂವಿಧಾನವನ್ನು ತಿದ್ದಿದಾಗ ಕೆಳಮನೆಯಲ್ಲಿ 258 ಮತಗಳು ಪರವಾಗಿ ಬಿದ್ದವು, ವಿರುದ್ಧವಾಗಿ ಒಂದೂ ಬೀಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡದ ಪಕ್ಷಗಳೆಲ್ಲ ಒಂದಾದದ್ದನ್ನು ಒಬ್ಬ ಪ್ರಧಾನಿಯ ತಂತ್ರವೆಂದು ತಳ್ಳಿಹಾಕಲಾಗದು. ಆ ಒಮ್ಮತದ ಮೂಲವನ್ನು ಹುಡುಕಿಕೊಂಡು ಹೋದರೆ 1814ರಿಂದ 1816ರವರೆಗೆ ಈಸ್ಟ್ ಇಂಡಿಯಾ ಕಂಪನಿ ಮತ್ತು ಗೋರ್ಖಾ ರಾಜ್ಯದ ನಡುವೆ ನಡೆದು ಸುಗೌಲಿ ಒಪ್ಪಂದದಲ್ಲಿ ಮುಗಿದ ಯುದ್ಧಕ್ಕೆ ಬಂದು ನಿಲ್ಲುತ್ತೇವೆ. ಆ ಯುದ್ಧ ನೇಪಾಳದ ನೆಲವನ್ನು ಕಡಿಮೆ ಮಾಡಿತು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಅಳೆದು ಗುರುತಿಸಬಹುದಾದ ಗಡಿಗೆರೆಯುಳ್ಳ ದೇಶವಾಗಿ ನೇಪಾಳ ರೂಪುಗೊಂಡದ್ದೂ ಅದೇ ಯುದ್ಧದಿಂದ ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಗೆರೆ ಇಲ್ಲದಿದ್ದಾಗಿನ ಗಡಿ

ಗೋರ್ಖಾ ಎಂಬ ಸಣ್ಣ ಬೆಟ್ಟದ ರಾಜ್ಯವನ್ನು ಆಳುತ್ತಿದ್ದ ಪೃಥ್ವಿ ನಾರಾಯಣ ಶಾ 1768–69ರಲ್ಲಿ ಕಠ್ಮಂಡು ಕಣಿವೆಯ ಮಲ್ಲ ಅರಸರನ್ನು ಸೋಲಿಸಿದ. ಅವನ ಉತ್ತರಾಧಿಕಾರಿಗಳು 1790ರ ಹೊತ್ತಿಗೆ ಕುಮಾಊಂ, 1804ರಲ್ಲಿ ಗಢವಾಲ್ ಗೆದ್ದು ಪಶ್ಚಿಮದಲ್ಲಿ ಸಟ್ಲೆಜ್ ನದಿಯವರೆಗೂ ಪೂರ್ವದಲ್ಲಿ ಸಿಕ್ಕಿಂನ ತೀಸ್ತಾ ತೀರದವರೆಗೂ ಹಬ್ಬಿದರು. ಸಟ್ಲೆಜ್ ದಾಟಿ ಕಾಂಗ್ಡಾಕ್ಕೆ ಕೈಹಾಕಿದಾಗ 1809ರಲ್ಲಿ ರಣಜಿತ್ ಸಿಂಗ್ ಅವರನ್ನು ಹಿಮ್ಮೆಟ್ಟಿಸಿದ. ಈ ವಿಸ್ತರಣೆಗೆ ಅರಸರ ಮಹತ್ವಾಕಾಂಕ್ಷೆಯಷ್ಟೇ ಕಾರಣವಲ್ಲ. ಸೈನಿಕರಿಗೆ ಸಂಬಳದ ಬದಲು ಭೂಮಿಯ ಆದಾಯವನ್ನು ಜಾಗೀರಾಗಿ ಕೊಡುವ ಪದ್ಧತಿಯಿತ್ತು, ಸೈನ್ಯ ಬೆಳೆದಂತೆ ಭೂಮಿ ಬೇಕಾಗುತ್ತಿತ್ತು, ಬೆಟ್ಟದಲ್ಲಿ ಸಾಗುವಳಿಯ ಭೂಮಿ ಕಡಿಮೆ. ಹೀಗಾಗಿ ತಪ್ಪಲಿನ ಫಲವತ್ತಾದ ತರಾಯಿ ಪ್ರದೇಶದ ಮೇಲೆ ಕಠ್ಮಂಡುವಿನ ಕಣ್ಣು ಸದಾ ನೆಟ್ಟಿತ್ತು.

ತರಾಯಿಯಲ್ಲಿ ಯಾರ ರಾಜ್ಯ ಎಲ್ಲಿ ಮುಗಿಯುತ್ತದೆ ಎಂಬುದಕ್ಕೆ ಆಗ ಗೆರೆ ಇರಲಿಲ್ಲ. ಯಾವ ಹಳ್ಳಿ ಯಾರಿಗೆ ಕಂದಾಯ ಕಟ್ಟುತ್ತದೆ ಎಂಬ ದಫ್ತರ ಮಾತ್ರ ಇತ್ತು, ಅದೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿತ್ತು. ಯುದ್ಧಕ್ಕೆ ನೆಪವಾದ ಬುಟ್ವಲ್‌ನ ಜಗಳ ಇದಕ್ಕೆ ಒಳ್ಳೆಯ ಉದಾಹರಣೆ. ಪಾಲ್ಪಾದ ರಾಜ ಬೆಟ್ಟದ ಮೇಲೆ ಸ್ವತಂತ್ರ ಅರಸನಾಗಿದ್ದ. ಆದರೆ ಕೆಳಗಿನ ಬುಟ್ವಲ್ ಸೀಮೆಗೆ ಅವನು ಔಧ್ ನವಾಬನಿಗೆ ಕಂದಾಯ ಕಟ್ಟುವ ಜಮೀನ್ದಾರ ಮಾತ್ರ. ಒಬ್ಬನೇ ಮನುಷ್ಯ ಒಂದು ಕಡೆ ಅರಸನೂ ಇನ್ನೊಂದು ಕಡೆ ಅಧೀನನೂ ಆಗಿರುವುದು ಪಾಳೆಯಗಾರರ ಚರಿತ್ರೆ ಬಲ್ಲ ನಮಗೆ ವಿಚಿತ್ರವೆನಿಸಬೇಕಿಲ್ಲ. 1801ರಲ್ಲಿ ನವಾಬ ಗೋರಖ್‌ಪುರ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ, ಮುಂದಿನ ಕೆಲವೇ ವರ್ಷಗಳಲ್ಲಿ ಗೋರ್ಖಾ ದೊರೆಗಳು ಪಾಲ್ಪಾವನ್ನು ವಶಪಡಿಸಿಕೊಂಡರು. ನವಾಬನ ಹಕ್ಕು ತನಗೆ ಬಂತೆಂದು ಕಂಪನಿಯೂ, ಪಾಲ್ಪಾ ರಾಜನ ಹಕ್ಕು ತಮಗೆ ಬಂತೆಂದು ಗೋರ್ಖಾಗಳೂ ವಾದಿಸಿದರು. ಹಳೆಯ ಲೆಕ್ಕದಲ್ಲಿ ಇಬ್ಬರ ಮಾತೂ ಸರಿ. ಆದರೆ ಒಂದೇ ಹಳ್ಳಿಯ ಮೇಲೆ ಎರಡು ಬಗೆಯ ಹಕ್ಕು ಒಟ್ಟಿಗೆ ಇರಬಹುದೆಂಬುದನ್ನು ಕಂಪನಿ ಒಪ್ಪಲು ಸಿದ್ಧವಿರಲಿಲ್ಲ. ಸಾರ್ವಭೌಮತ್ವ ಒಬ್ಬನದೇ, ಅದಕ್ಕೊಂದು ಗೆರೆ ಬೇಕು ಎಂಬುದು ಅದರ ಪಟ್ಟು. ಇದರ ಜೊತೆಗೆ, ಕುಮಾಊಂ ಕೈಗೆ ಬಂದರೆ ಟಿಬೆಟ್‌ನ ಪಶ್‌ಮೀನಾ ಉಣ್ಣೆಯ ವ್ಯಾಪಾರಕ್ಕೆ ದಾರಿ ತೆರೆಯುತ್ತದೆ ಎಂಬ ಆಸೆಯೂ ಕಲ್ಕತ್ತೆಯಲ್ಲಿತ್ತು. ಲಿಪುಲೇಖ್ ಅಂಥ ದಾರಿಗಳಲ್ಲೊಂದು.

ಎರಡು ಸುತ್ತಿನ ಯುದ್ಧ

1814ರ ಮೇ ತಿಂಗಳಲ್ಲಿ ಬುಟ್ವಲ್‌ನ ಕಂಪನಿ ಠಾಣೆಗಳ ಮೇಲೆ ಗೋರ್ಖಾ ದಾಳಿ ನಡೆಯಿತು. ನವೆಂಬರ್ 1ರಂದು ಗವರ್ನರ್ ಜನರಲ್ ಲಾರ್ಡ್ ಮೊಯಿರಾ ಯುದ್ಧ ಘೋಷಿಸಿದ. ಅದರ ಹಿಂದಿನ ದಿನವೇ ದೆಹ್ರಾದೂನ್ ಬಳಿಯ ಖಲಂಗಾ ಕೋಟೆಗೆ ನುಗ್ಗಲು ಹೋಗಿ ಜನರಲ್ ಗಿಲೆಸ್ಪಿ ಸತ್ತಿದ್ದ. ಟಿಪ್ಪುವಿನ ಮಕ್ಕಳನ್ನು ಇರಿಸಿದ್ದ ವೆಲ್ಲೂರು ಕೋಟೆಯಲ್ಲಿ 1806ರಲ್ಲಿ ಸಿಪಾಯಿಗಳು ದಂಗೆಯೆದ್ದಾಗ ಆರ್ಕಾಟಿನಿಂದ ಕುದುರೆ ಓಡಿಸಿಕೊಂಡು ಬಂದು ಅದನ್ನು ಹತ್ತಿಕ್ಕಿದವನು ಇವನೇ. ಖಲಂಗಾವನ್ನು ಕಾಯುತ್ತಿದ್ದ ಬಲಭದ್ರ ಕುಂವರ್‌ನ ಬಳಿ ಇದ್ದದ್ದು ಸುಮಾರು 600 ಜನ. ಕೋಟೆಗೆ ನೀರಿನ ದಾರಿ ಕಡಿದ ಮೇಲಷ್ಟೇ, ನವೆಂಬರ್ ಕೊನೆಗೆ, ಅವನು ಉಳಿದ ಕೆಲವೇ ಮಂದಿಯೊಂದಿಗೆ ಹೊರಬಿದ್ದ. ಗೆದ್ದವರು ಆಮೇಲೆ ಅಲ್ಲಿ ಎರಡು ಸ್ಮಾರಕ ಸ್ತಂಭಗಳನ್ನು ನಿಲ್ಲಿಸಿದರು. ಒಂದು ತಮ್ಮವರಿಗೆ, ಇನ್ನೊಂದು ಬಲಭದ್ರ ಮತ್ತವನ ಸೈನಿಕರಿಗೆ.

ಬುಟ್ವಲ್ ಮತ್ತು ಪರ್ಸಾ ಕಡೆಯಲ್ಲೂ ಕಂಪನಿಗೆ ಮೊದಲು ಮುಖಭಂಗವೇ ಆಯಿತು. ಪಶ್ಚಿಮದಲ್ಲಿ ಮಾತ್ರ ಡೇವಿಡ್ ಆಕ್ಟರ್‌ಲೋನಿ ಬೆಟ್ಟದ ಮೇಲೆ ಫಿರಂಗಿ ಎಳೆಸಿಕೊಂಡು ಒಂದೊಂದೇ ಕೋಟೆಯನ್ನು ತೆರವು ಮಾಡಿಸುತ್ತ ನಡೆದ. 1815ರ ಏಪ್ರಿಲ್‌ನಲ್ಲಿ ಅಲ್ಮೋಡಾ ಬಿತ್ತು, ಮೇ ತಿಂಗಳಲ್ಲಿ ಮಲಾಂವ್ ಕೋಟೆಯಲ್ಲಿ ಗೋರ್ಖಾ ಸೇನಾನಿ ಅಮರ್ ಸಿಂಗ್ ಥಾಪಾ ಶರಣಾದ. ಡಿಸೆಂಬರ್ 2ರಂದು ಇಂದಿನ ಬಿಹಾರದ ಪೂರ್ವ ಚಂಪಾರಣ್ ಜಿಲ್ಲೆಯ ಸುಗೌಲಿಯಲ್ಲಿ ರಾಜಗುರು ಗಜರಾಜ ಮಿಶ್ರ ಒಪ್ಪಂದಕ್ಕೆ ಸಹಿ ಹಾಕಿದ. ಮುಖ್ತಿಯಾರ್, ಅಂದರೆ ಪ್ರಧಾನಿಗೆ ಸಮನಾದ ಹುದ್ದೆಯಲ್ಲಿದ್ದ ಭೀಮಸೇನ ಥಾಪಾನ ಆಡಳಿತ ಅದಕ್ಕೆ ಮುದ್ರೆ ಒತ್ತಲು ಒಪ್ಪಲಿಲ್ಲ. ಆಕ್ಟರ್‌ಲೋನಿ ಮತ್ತೆ ದಂಡೆತ್ತಿ ಬಂದು ಮಕ್ವಾನ್‌ಪುರದಲ್ಲಿ ಗೆದ್ದು, ಕಠ್ಮಂಡುವಿಗೆ ಕೆಲವು ದಿನಗಳ ನಡಿಗೆಯಷ್ಟು ದೂರದಲ್ಲಿ ನಿಂತ ಮೇಲೆ, 1816ರ ಮಾರ್ಚ್ 4ರಂದು ಒಪ್ಪಂದ ಜಾರಿಗೆ ಬಂತು. ಬಲವಂತದ ಸಹಿ ಎಂಬ ನೆನಪು ನೇಪಾಳದಲ್ಲಿ ಇಂದಿಗೂ ಗಟ್ಟಿಯಾಗಿರುವುದು ಈ ಎರಡನೆಯ ಸುತ್ತಿನಿಂದ.

ಹೋದದ್ದು, ಮರಳಿ ಬಂದದ್ದು

ಕಾಳಿ ನದಿಯ ಪಶ್ಚಿಮಕ್ಕಿರುವ ಕುಮಾಊಂ, ಗಢವಾಲ್ ಮತ್ತು ಸಟ್ಲೆಜ್‌ವರೆಗಿನ ಬೆಟ್ಟಸೀಮೆ, ಪೂರ್ವದಲ್ಲಿ ಮೇಚಿಯಿಂದ ತೀಸ್ತಾವರೆಗಿನ ಭಾಗ, ತರಾಯಿಯ ಬಹುಪಾಲು ನೇಪಾಳದ ಕೈತಪ್ಪಿದವು. ಆಗಿನ ರಾಜ್ಯದ ಸುಮಾರು ಮೂರನೆಯ ಒಂದು ಭಾಗ ಹೋಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಕಠ್ಮಂಡುವಿನಲ್ಲಿ ಬ್ರಿಟಿಷ್ ರೆಸಿಡೆಂಟ್‌ನನ್ನು ಇರಿಸಿಕೊಳ್ಳಬೇಕಾಯಿತು, ಕಂಪನಿಯ ಒಪ್ಪಿಗೆಯಿಲ್ಲದೆ ಯುರೋಪಿನವರನ್ನೂ ಅಮೆರಿಕದವರನ್ನೂ ಕೆಲಸಕ್ಕೆ ಇಟ್ಟುಕೊಳ್ಳುವಂತಿರಲಿಲ್ಲ.

ತರಾಯಿ ಕಳೆದುಕೊಂಡ ಜಾಗೀರುದಾರರಿಗೆ ಕಂಪನಿ ವರ್ಷಕ್ಕೆ ಎರಡು ಲಕ್ಷ ರೂಪಾಯಿ ಪಿಂಚಣಿ ಕೊಡುವ ಮಾತು ಒಪ್ಪಂದದಲ್ಲಿತ್ತು. ಹಣಕ್ಕಿಂತ ನೆಲವೇ ಅಗ್ಗವೆನಿಸಿತೋ ಏನೋ, ಅದೇ ವರ್ಷದ ಡಿಸೆಂಬರ್‌ನಲ್ಲಿ ಕೋಸಿ ಮತ್ತು ರಾಪ್ತಿ ನದಿಗಳ ನಡುವಣ ತರಾಯಿಯನ್ನು ಹಿಂದಿರುಗಿಸಿ ಪಿಂಚಣಿಯಿಂದ ಕಂಪನಿ ಪಾರಾಯಿತು. 1857ರ ದಂಗೆಯನ್ನು ಹತ್ತಿಕ್ಕಲು ನೇಪಾಳದ ಪ್ರಧಾನಿ ಜಂಗ್ ಬಹಾದೂರ್ ರಾಣಾ ಸೈನ್ಯ ತಂದದ್ದಕ್ಕೆ ಪ್ರತಿಫಲವಾಗಿ 1860ರಲ್ಲಿ ಇಂದಿನ ಬಾಂಕೆ, ಬರ್ದಿಯಾ, ಕೈಲಾಲಿ, ಕಂಚನ್‌ಪುರ ಜಿಲ್ಲೆಗಳೂ ಮರಳಿದವು. ನೇಪಾಳದವರು ಅದನ್ನು ‘ನಯಾ ಮುಲುಕ್’ ಎನ್ನುತ್ತಾರೆ. ಕುಮಾಊಂ ಮಾತ್ರ ಮರಳಲಿಲ್ಲ. ಟಿಬೆಟ್‌ಗೆ ದಾರಿ ಇದ್ದದ್ದು ಅಲ್ಲಿ.

ಒಂದು ನದಿ, ಎರಡು ಮೂಲ

ಒಪ್ಪಂದದ 5ನೇ ವಿಧಿಯ ಪ್ರಕಾರ ಕಾಳಿ ನದಿಯ ಪಶ್ಚಿಮದ ಪ್ರದೇಶಗಳ ಮೇಲಿನ ಎಲ್ಲ ಹಕ್ಕನ್ನೂ ನೇಪಾಳದ ರಾಜ ವಂಶಪಾರಂಪರ್ಯವಾಗಿ ಬಿಟ್ಟುಕೊಟ್ಟ. ಆದರೆ ಕಾಳಿ ಎಲ್ಲಿ ಹುಟ್ಟುತ್ತದೆ ಎಂದು ಆ ವಿಧಿ ಹೇಳುವುದಿಲ್ಲ. ಸುಗೌಲಿಯಲ್ಲಿ ಕುಳಿತು ಬರೆದವರು ಹಿಮದಂಚಿನ ಆ ಪ್ರದೇಶವನ್ನು ಕಂಡವರಲ್ಲ, ನದಿಯನ್ನು ಗಡಿಯಾಗಿ ಆರಿಸಿದ್ದು ಬರೆಯಲು ಸುಲಭ ಎಂಬ ಕಾರಣಕ್ಕೆ. ಕೆಳಗಡೆ ಇದರಿಂದ ತೊಂದರೆಯಿಲ್ಲ. ಮೇಲೆ ಗುಂಜಿ ಎಂಬ ಹಳ್ಳಿಯ ಬಳಿ ಎರಡು ಹೊಳೆಗಳು ಕೂಡುತ್ತವೆ. ವಾಯವ್ಯದ ಲಿಂಪಿಯಾಧುರಾದಿಂದ ಬರುವ ಕುಟೀ ಯಾಂಕ್ತಿ ಉದ್ದವಾದದ್ದು, ನೀರು ಹೆಚ್ಚಿರುವುದು. ಅದೇ ನಿಜವಾದ ಕಾಳಿ ಎಂಬುದು ನೇಪಾಳದ ವಾದ. ಲಿಪುಲೇಖ್ ಕಡೆಯಿಂದ ಕಾಲಾಪಾನಿಯ ಮೂಲಕ ಬರುವುದು ಚಿಕ್ಕ ಹೊಳೆ. ಕಾಲಾಪಾನಿಯ ಬುಗ್ಗೆಗಳಿಂದಲೇ ನದಿಗೆ ಕಾಳಿ ಎಂಬ ಹೆಸರು, ಅಲ್ಲಿಂದ ಮುಂದೆ ಮಾತ್ರ ಅದು ಗಡಿ ಎಂಬುದು ಭಾರತದ ವಾದ. ಯಾವ ಹೊಳೆಯನ್ನು ಕಾಳಿ ಎಂದು ಒಪ್ಪುತ್ತೇವೆ ಎಂಬುದರ ಮೇಲೆ ಸುಮಾರು 335 ಚದರ ಕಿಲೋಮೀಟರ್ ನೆಲ ಆಚೆಗೋ ಈಚೆಗೋ ಸೇರುತ್ತದೆ.

ಎರಡೂ ಕಡೆ ದಾಖಲೆಗಳಿವೆ. ಒಪ್ಪಂದದ ನಂತರದ ಕೆಲವು ದಶಕಗಳ ಬ್ರಿಟಿಷ್ ನಕ್ಷೆಗಳಲ್ಲಿ ಲಿಂಪಿಯಾಧುರಾದಿಂದ ಬರುವ ಹೊಳೆಗೇ ಕಾಳಿ ಎಂಬ ಹೆಸರಿದೆ ಎಂದು ನೇಪಾಳ ತೋರಿಸುತ್ತದೆ. 1961ರ ತನ್ನ ಜನಗಣತಿಯಲ್ಲಿ ಗುಂಜಿ, ನಾಬಿ, ಕುಟೀ ಹಳ್ಳಿಗಳನ್ನು ಎಣಿಸಿದ್ದನ್ನೂ ಮುಂದಿಡುತ್ತದೆ. ಭಾರತದ ಕಡೆಯ ಬಲವಾದ ಸಾಕ್ಷ್ಯ 1817ರದ್ದು. ಆಗ ನೇಪಾಳ ಕಾಳಿಯ ಪೂರ್ವಕ್ಕಿರುವ ತಿಂಕರ್ ಮತ್ತು ಛಾಂಗ್ರು ಹಳ್ಳಿಗಳನ್ನು ಕೇಳಿತು, ಬ್ರಿಟಿಷರು ಬಿಟ್ಟುಕೊಟ್ಟರು. ಬಳಿಕ ಕುಟೀ ಯಾಂಕ್ತಿಯೇ ಮುಖ್ಯ ಹೊಳೆ ಎಂದು ವಾದಿಸಿ ಕುಟೀ, ನಾಬಿಗಳನ್ನೂ ಕೇಳಿದಾಗ ನಿರಾಕರಿಸಿದರು. ಅಂದರೆ ಇಂದಿನ ತಕರಾರು 2020ರಲ್ಲಿ ಹುಟ್ಟಿದ್ದಲ್ಲ, ಒಪ್ಪಂದದ ಮರುವರ್ಷವೇ ಎದ್ದಿತ್ತು. ಅದಕ್ಕೆ ಆಗಲೇ ಒಂದು ಉತ್ತರವೂ ಸಿಕ್ಕಿತ್ತು, ಉತ್ತರ ಕೊಟ್ಟವರು ಮಾತ್ರ ತಾವೇ ಕಕ್ಷಿದಾರರಾಗಿದ್ದರು.

ಆಮೇಲೆ ದೀರ್ಘ ಮೌನ. 1954ರ ಭಾರತ–ಚೀನಾ ಒಪ್ಪಂದ ಲಿಪುಲೇಖನ್ನು ವ್ಯಾಪಾರ ಮತ್ತು ಯಾತ್ರೆಯ ದಾರಿಯೆಂದು ಹೆಸರಿಸಿತು, ನೇಪಾಳ ಮಾತಾಡಲಿಲ್ಲ. 1961ರಲ್ಲಿ ನೇಪಾಳ ಮತ್ತು ಚೀನಾ ತಮ್ಮ ಗಡಿ ಗುರುತಿಸಿಕೊಂಡಾಗ ಮೊದಲ ಗಡಿಕಂಬ ನಿಂತದ್ದು ಲಿಪುಲೇಖ್‌ನಲ್ಲಲ್ಲ, ಪಕ್ಕದ ತಿಂಕರ್ ಘಾಟಿಯಲ್ಲಿ. 1969ರ ಸುಮಾರಿಗೆ ನೇಪಾಳ ತನ್ನ ಉತ್ತರ ಗಡಿಯ ಭಾರತೀಯ ಠಾಣೆಗಳನ್ನು ತೆಗೆಸಿದಾಗಲೂ ಕಾಲಾಪಾನಿಯಲ್ಲಿದ್ದ ಭಾರತೀಯ ಪಡೆ ಅಲ್ಲೇ ಉಳಿಯಿತು. 1990ರಲ್ಲಿ ನೇಪಾಳಕ್ಕೆ ಪ್ರಜಾಪ್ರಭುತ್ವ ಮರಳಿದ ಮೇಲೆ, ಮಹಾಕಾಳಿ ನದಿಯ ಒಪ್ಪಂದದ ಚರ್ಚೆಯ ಹೊತ್ತಿಗೆ, ಈ ಪ್ರಶ್ನೆ ಸಂಸತ್ತಿಗೂ ಬೀದಿಗೂ ಬಂತು. 1981ರಿಂದ ದುಡಿದ ಜಂಟಿ ತಾಂತ್ರಿಕ ಸಮಿತಿ ಗಡಿಯ ಶೇ 98ರಷ್ಟು ಭಾಗದ ನಕ್ಷೆ ಸಿದ್ಧಪಡಿಸಿದರೂ ಎರಡು ತುಂಡುಗಳನ್ನು ಬಿಡಬೇಕಾಯಿತು. ಒಂದು ಕಾಲಾಪಾನಿ, ಇನ್ನೊಂದು ಗಂಡಕ್ ನದಿ ಪಾತ್ರ ಬದಲಿಸಿದ್ದರಿಂದ ಹುಟ್ಟಿದ ಸುಸ್ತಾ. ಎರಡೂ ಕಡೆ ತೊಂದರೆ ಕೊಟ್ಟದ್ದು ನದಿಯನ್ನೇ ಗಡಿ ಎಂದು ಬರೆದದ್ದು.

ಮೌನಕ್ಕೆ ಅಂತರರಾಷ್ಟ್ರೀಯ ನ್ಯಾಯದಲ್ಲಿ ತೂಕವಿದೆ. 1962ರಲ್ಲಿ ಪ್ರೆಯಾ ವಿಹೇರ್ ದೇವಾಲಯವನ್ನು ಕಾಂಬೋಡಿಯಾಕ್ಕೆ ಕೊಟ್ಟಾಗ ಅಂತರರಾಷ್ಟ್ರೀಯ ನ್ಯಾಯಾಲಯ ಮುಖ್ಯವಾಗಿ ನೋಡಿದ್ದು, ದೇವಾಲಯವನ್ನು ಕಾಂಬೋಡಿಯಾದ ಕಡೆಗೆ ತೋರಿಸಿದ್ದ ನಕ್ಷೆಯನ್ನು ಥಾಯ್ಲೆಂಡ್ ದಶಕಗಳ ಕಾಲ ಆಕ್ಷೇಪವಿಲ್ಲದೆ ಇಟ್ಟುಕೊಂಡಿತ್ತು ಎಂಬುದನ್ನು. ಈ ಅಳತೆಯಲ್ಲಿ ಭಾರತದ ಪಕ್ಷ ಬಲವಾದದ್ದು ಎಂದೇ ತೋರುತ್ತದೆ. 2020ಕ್ಕೆ ಮೊದಲಿನ ನೇಪಾಳದ ಅಧಿಕೃತ ಭೂಪಟಗಳಲ್ಲೂ ಲಿಂಪಿಯಾಧುರಾ ಇರಲಿಲ್ಲ. ಆದರೆ ಬರೀ ಭೂಗೋಳದ ಅಳತೆಯಲ್ಲಿ, ಯಾವುದು ದೊಡ್ಡ ಹೊಳೆ ಎಂದು ಕೇಳಿದರೆ, ನೇಪಾಳದ ವಾದವನ್ನು ಹಗುರವಾಗಿ ಕಾಣಲಾಗದು.

ಸೋಲಿನಿಂದ ಮೂಡಿದ ದೇಶ

ಯುದ್ಧಕ್ಕೆ ಮೊದಲು ಗೋರ್ಖಾ ರಾಜ್ಯಕ್ಕೆ ಎಲ್ಲೆ ಎಂದರೆ ಸೈನ್ಯ ತಲುಪಿದ ಜಾಗ. ಆಗ ಬೆಟ್ಟದ ಜನರ ಬಾಯಲ್ಲಿ ನೇಪಾಳ ಎಂದರೆ ಕಠ್ಮಂಡು ಕಣಿವೆ ಮಾತ್ರ. ಸುಗೌಲಿಯ ನಂತರ ವಿಸ್ತರಣೆಯ ದಾರಿ ಮುಚ್ಚಿತು, ಪೂರ್ವದ ಮೇಚಿ ಮತ್ತು ಪಶ್ಚಿಮದ ಮಹಾಕಾಳಿ ನಡುವಣ ನೆಲವೇ ಇಡೀ ದೇಶವಾಯಿತು. ‘ಮೇಚಿ–ಮಹಾಕಾಳಿ’ ಎಂಬುದು ಇಂದು ನೇಪಾಳಿಯಲ್ಲಿ ಸಮಸ್ತ ದೇಶ ಎಂಬ ಅರ್ಥದ ಮಾತು, ನಾವು ಕಾವೇರಿಯಿಂದ ಗೋದಾವರಿಯವರೆಗೆ ಎಂದುಕೊಳ್ಳುವಂತೆ. ಆ ಎರಡು ನದಿಗಳನ್ನು ಆರಿಸಿದವರು ನೇಪಾಳದ ಕವಿಗಳಲ್ಲ, ಕಂಪನಿಯ ಅಧಿಕಾರಿಗಳು. ಗೆದ್ದವನು ಹೇರಿದ ಗೆರೆಯನ್ನು ಸೋತವನು ತನ್ನ ದೇಹದ ಅಂಚೆಂದು ಒಪ್ಪಿಕೊಳ್ಳುವ ಈ ಬದಲಾವಣೆಗೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಬಲಭದ್ರ, ಅಮರ್ ಸಿಂಗ್ ಥಾಪಾ, ಭಕ್ತಿ ಥಾಪಾ, ಭೀಮಸೇನ ಥಾಪಾ ಇವರೆಲ್ಲ ರಾಷ್ಟ್ರೀಯ ವಿಭೂತಿಗಳಾದರು. ಯಾರ ವಸಾಹತೂ ಆಗದ ದೇಶ ಎಂಬ ಹೆಮ್ಮೆ ಮತ್ತು ಮೂರನೆಯ ಒಂದು ಭಾಗ ಕಳೆದುಕೊಂಡ ದೇಶ ಎಂಬ ನೋವು ಒಟ್ಟಿಗೇ ಬೆಳೆದವು. ಈ ನೋವನ್ನು ಹೊತ್ತ ಮನಸ್ಸಿಗೆ 335 ಚದರ ಕಿಲೋಮೀಟರ್ ಎಂಬುದು ಎರಡನೆಯ ಸುಗೌಲಿಯಂತೆ ಕಾಣುತ್ತದೆ. 258 ಮತಗಳ ಒಮ್ಮತ ಬಂದದ್ದು ಇಲ್ಲಿಂದ.

ಇದೇ ಯುದ್ಧ ಇನ್ನೊಂದು ಗುರುತನ್ನೂ ಕೊಟ್ಟಿತು. ಸೋತ ಸೈನಿಕರನ್ನೇ ಕಂಪನಿ 1815ರಿಂದ ತನ್ನ ಪಡೆಗೆ ಸೇರಿಸಿಕೊಳ್ಳತೊಡಗಿತು, ಗೂರ್ಖಾ ರೆಜಿಮೆಂಟುಗಳು ಹುಟ್ಟಿದ್ದು ಹೀಗೆ. ಇನ್ನು ಕೆಲವರು ಲಾಹೋರಿಗೆ ಹೋಗಿ ರಣಜಿತ್ ಸಿಂಗನ ಸೈನ್ಯ ಸೇರಿದರು. ಬಲಭದ್ರನೂ ಹಾಗೆ ಹೋಗಿ 1823ರಲ್ಲಿ ನೌಶೇರಾದ ಯುದ್ಧದಲ್ಲಿ ಮಡಿದ. ಹೊರದೇಶದಲ್ಲಿ ದುಡಿಯುವವನನ್ನು ನೇಪಾಳದಲ್ಲಿ ಇಂದಿಗೂ ‘ಲಾಹುರೆ’ ಎನ್ನುತ್ತಾರೆ. 1947ರಲ್ಲಿ ಹತ್ತು ಗೂರ್ಖಾ ರೆಜಿಮೆಂಟುಗಳ ಪೈಕಿ ಆರು ಭಾರತಕ್ಕೂ ನಾಲ್ಕು ಬ್ರಿಟನ್ನಿಗೂ ಹೋದವು. 2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಭಾರತೀಯ ಸೇನೆಗೆ ತನ್ನ ನೆಲದಲ್ಲಿ ನಡೆಯುತ್ತಿದ್ದ ನೇಮಕಾತಿಯನ್ನು ನೇಪಾಳ ತಡೆಹಿಡಿದದ್ದರಿಂದ ಇನ್ನೂರು ವರ್ಷಗಳ ಆ ಕೊಂಡಿಯೂ ಈಗ ಸಡಿಲವಾಗಿದೆ.

ಆದರೆ ಗೆರೆಯ ಒಳಗಿದ್ದವರೆಲ್ಲರಿಗೂ ಈ ಗುರುತು ಸಮನಾಗಿ ಸಿಗಲಿಲ್ಲ. 1816ರಲ್ಲಿ ಆಚೆ ಹೋಗಿ ಅದೇ ವರ್ಷ ಈಚೆ ಬಂದ ತರಾಯಿಯ ಜನರನ್ನು, ಅಂದರೆ ಮಧೇಶಿಗಳನ್ನು, ಬೆಟ್ಟದ ಆಳುವ ವರ್ಗ ಭಾರತದ ಕಡೆಯವರೆಂಬ ಅನುಮಾನದಿಂದಲೇ ಕಂಡಿತು. 2007ರ ಮತ್ತು 2015ರ ಮಧೇಶ ಚಳವಳಿಗಳ ಹಿಂದೆ ಈ ಹಳೆಯ ಅನುಮಾನವಿದೆ. ಗೆರೆಯ ಆಚೆ, ಕುಮಾಊಂ ಮತ್ತು ಗಢವಾಲ್‌ಗಳಲ್ಲಿ, ಗೋರ್ಖಾ ಆಳ್ವಿಕೆಯ ಕಾಲವನ್ನು ‘ಗೋರ್ಖ್ಯಾಣಿ’ ಎಂದು ಕರೆಯುತ್ತಾರೆ, ಅದು ಭಾರೀ ತೆರಿಗೆ ಮತ್ತು ಜನರನ್ನು ಗುಲಾಮರನ್ನಾಗಿ ಮಾರಿದ ಕ್ರೌರ್ಯದ ನೆನಪು. ಸಟ್ಲೆಜ್‌ನಿಂದ ತೀಸ್ತಾವರೆಗಿನ ‘ಬೃಹತ್ ನೇಪಾಳ’ವನ್ನು ಮರಳಿ ಕೇಳುವವರು ಈ ನೆನಪನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಒಟ್ಟಿಗೆ ನಿಲ್ಲದ ಎರಡು ವಾದಗಳು

ಭಾರತ ಮತ್ತು ನೇಪಾಳದ ನಡುವಣ 1950ರ ಶಾಂತಿ ಮತ್ತು ಸ್ನೇಹ ಒಪ್ಪಂದದ 8ನೇ ವಿಧಿ, ಬ್ರಿಟಿಷ್ ಸರ್ಕಾರ ಭಾರತದ ಪರವಾಗಿ ನೇಪಾಳದೊಂದಿಗೆ ಮಾಡಿಕೊಂಡಿದ್ದ ಹಿಂದಿನ ಒಪ್ಪಂದಗಳನ್ನೆಲ್ಲ ರದ್ದುಮಾಡುತ್ತದೆ. ಸುಗೌಲಿ ರದ್ದಾಯಿತು, ಆದ್ದರಿಂದ ಕಳೆದುಹೋದ ನೆಲವೂ ನಮ್ಮದೇ ಎಂದು ಬೃಹತ್ ನೇಪಾಳದ ಪ್ರತಿಪಾದಕರು ಇದರಿಂದ ತೀರ್ಮಾನಿಸುತ್ತಾರೆ. ಅವರಲ್ಲಿ ಹಲವರು ಲಿಂಪಿಯಾಧುರಾ ಹೋರಾಟದಲ್ಲೂ ಮುಂದಿದ್ದಾರೆ. ತೊಡಕು ಇರುವುದು ಇಲ್ಲೇ. ಲಿಂಪಿಯಾಧುರಾ ನೇಪಾಳದ್ದು ಎನ್ನಲು ಇರುವ ಆಧಾರವೇ ಸುಗೌಲಿಯ 5ನೇ ವಿಧಿ. ಸುಗೌಲಿ ಇಲ್ಲವೆಂದರೆ ಕಾಳಿ ಗಡಿಯೇ ಅಲ್ಲ, ಅದರ ಮೂಲ ಎಲ್ಲಿದ್ದರೇನು? ಕಠ್ಮಂಡುವಿನ ಸರ್ಕಾರಗಳು ಇದನ್ನು ಅರಿತೇ ಬೃಹತ್ ನೇಪಾಳದ ಬೇಡಿಕೆಯಿಂದ ದೂರ ನಿಂತಿವೆ. ಕಾನೂನಿನ ದೃಷ್ಟಿಯಲ್ಲೂ, ಒಪ್ಪಂದ ಸತ್ತರೂ ಅದು ಹಾಕಿಕೊಟ್ಟ ಗಡಿ ಬದುಕಿರುತ್ತದೆ ಎಂಬ ತತ್ವವನ್ನು ಅಂತರರಾಷ್ಟ್ರೀಯ ನ್ಯಾಯಾಲಯ 1994ರ ಲಿಬಿಯಾ–ಚಾಡ್ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಹಾಗೆಂದು ಭಾರತದ ಕೆಲಸ ಮುಗಿಯಲಿಲ್ಲ. ಗಡಿ ಬದುಕಿದೆ ಎಂದು ಒಪ್ಪಿದರೆ ಆ ಗಡಿಯ ಮೇಲ್ತುದಿ ಯಾವುದೆಂದು ಕೂತು ಮಾತಾಡುವ ಹೊಣೆಯೂ ಜೊತೆಗೇ ಬರುತ್ತದೆ.

ಇನ್ನು ಮುಂದೆ

2020ರ ತಿದ್ದುಪಡಿ ಬದಲಿಸಿದ್ದು ನೇಪಾಳದ ರಾಷ್ಟ್ರಲಾಂಛನದೊಳಗಿನ ಭೂಪಟವನ್ನು. ಸಂವಿಧಾನವನ್ನು ಮತ್ತೆ ತಿದ್ದಲು ಮೂರನೆಯ ಎರಡರಷ್ಟು ಬಹುಮತ ಬೇಕು. 2025ರ ಸೆಪ್ಟೆಂಬರ್‌ನಲ್ಲಿ ಯುವಜನರ ಪ್ರತಿಭಟನೆಗೆ ಓಲಿ ಸರ್ಕಾರ ಉರುಳಿದರೂ ನೋಟಿನ ಮೇಲಿನ ಭೂಪಟ ಉರುಳಲಿಲ್ಲ. ಯಾವ ಪಕ್ಷ ಬಂದರೂ ರಾಜಿಗೆ ಅಷ್ಟು ಮತ ಹೊಂದಿಸುವುದು ಬಹುತೇಕ ಅಸಾಧ್ಯ. ಭಾರತಕ್ಕೂ ಹಿಂದೆ ಸರಿಯುವ ಕಾರಣ ಕಾಣುತ್ತಿಲ್ಲ. 2020ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ಲಿಪುಲೇಖ್ ರಸ್ತೆ ಯಾತ್ರೆಗಷ್ಟೇ ಅಲ್ಲ, ಟಿಬೆಟ್ ಗಡಿಯ ಕಾವಲಿಗೂ ಬೇಕು. ಗಾಲ್ವಾನ್ ಘರ್ಷಣೆಯ ನಂತರ ಅದರ ಬೆಲೆ ಹೆಚ್ಚಿದೆ. ಚೀನಾ 2015ರಲ್ಲೂ 2025ರಲ್ಲೂ ಲಿಪುಲೇಖ್ ಬಗ್ಗೆ ಮಾತುಕತೆ ನಡೆಸಿದ್ದು ದೆಹಲಿಯೊಂದಿಗೆ, ನೇಪಾಳ ತನ್ನ ಆಕ್ಷೇಪವನ್ನು ಬೀಜಿಂಗ್‌ಗೂ ತಿಳಿಸಬೇಕಾಯಿತು. ಎಲ್ಲವೂ ಚೀನಾದ ಆಟ ಎನ್ನುವವರು ಗಮನಿಸಬೇಕಾದ ಸಂಗತಿ ಇದು.

ಗಡಿಯ ಪ್ರಶ್ನೆಯನ್ನು ವಿದೇಶಾಂಗ ಕಾರ್ಯದರ್ಶಿಗಳ ಮಟ್ಟಕ್ಕೆ 2014ರಲ್ಲೇ ಒಪ್ಪಿಸಲಾಗಿದೆ, ಫಲ ಬಂದಿಲ್ಲ. ಎರಡೂ ದೇಶಗಳ ಗಣ್ಯರ ಸಮಿತಿ 2018ರಲ್ಲಿ ಸಿದ್ಧಪಡಿಸಿದ ವರದಿಯನ್ನು ಭಾರತ ಇನ್ನೂ ಸ್ವೀಕರಿಸಿಲ್ಲ. ಸಾರ್ವಭೌಮತ್ವದ ಪ್ರಶ್ನೆ ಹೀಗೆ ಕಗ್ಗಂಟಾಗಿರುವಾಗ, ಅದನ್ನು ಬದಿಗಿಟ್ಟು ಬಳಕೆಯ ಹಕ್ಕಿನ ಬಗ್ಗೆ ಮಾತಾಡುವ ದಾರಿಯೊಂದು ಉಳಿದಿದೆ. ಕಾಳಿಯ ಎರಡೂ ದಡಗಳಲ್ಲಿ ನೆಲೆಸಿರುವ ಬ್ಯಾಂಸಿ ಸಮುದಾಯ ಒಂದೇ. ಗುಂಜಿ, ಕುಟೀಯವರೂ ಛಾಂಗ್ರು, ತಿಂಕರ್‌ನವರೂ ಪರಸ್ಪರ ನೆಂಟರು, ತಲೆಮಾರುಗಳಿಂದ ಇದೇ ಘಾಟಿಗಳ ಮೂಲಕ ಟಿಬೆಟ್‌ನ ತಕ್ಲಾಕೋಟ್‌ಗೆ ವ್ಯಾಪಾರಕ್ಕೆ ಹೋಗುತ್ತಿದ್ದವರು. ನೇಪಾಳದ ಹಳ್ಳಿಯವರು ಇಂದಿಗೂ ಊರು ಸೇರಲು ಬಹುಮಟ್ಟಿಗೆ ಭಾರತದ ಕಡೆಯ ದಾರಿಯನ್ನೇ ನೆಚ್ಚಿಕೊಂಡಿದ್ದಾರೆ. ಗುಂಜಿಯ ವ್ಯಾಪಾರ ಮಂಡಿ ಮತ್ತೆ ತೆರೆದಾಗ ಛಾಂಗ್ರು, ತಿಂಕರ್‌ನ ವ್ಯಾಪಾರಿಗಳಿಗೂ ಅಲ್ಲಿ ಪರವಾನಗಿ ಕೊಡುವುದಕ್ಕೆ ಎರಡೂ ದೇಶಗಳ ಸಂವಿಧಾನದಲ್ಲಿ ಯಾವ ಅಡ್ಡಿಯೂ ಇಲ್ಲ, ಭೂಪಟವನ್ನು ಮುಟ್ಟುವ ಅಗತ್ಯವೂ ಇಲ್ಲ. ಅದಕ್ಕೆ ಬೇಕಿರುವುದು ಭಾರತದ ಪಿಥೋರಾಗಢ ಮತ್ತು ಎದುರು ದಡದ ನೇಪಾಳದ ದಾರ್ಚುಲಾ ಜಿಲ್ಲಾಡಳಿತಗಳು ಕೂಡಿ ಒಪ್ಪುವ ಒಂದು ವ್ಯವಸ್ಥೆ, ಅದಕ್ಕೆ ಎರಡು ರಾಜಧಾನಿಗಳ ಅನುಮತಿ.